ಚಿಹ್ನೆಯ ಸರಾಸರಿ ನೋಡಿದ್ರಾ?
ಹಬಾರ್ಡ್ ಮಾದರಿಯನ್ನು (ಜಾಲದ ಬಿಂದುಗಳ ನಡುವೆ ಜಿಗಿಯುತ್ತಾ, ಒಂದೇ ಬಿಂದುವಿನಲ್ಲಿ ಸೇರಿದರೆ ವಿಕರ್ಷಿಸುವ ಎಲೆಕ್ಟ್ರಾನ್‌ಗಳ ಮಾದರಿ) 8×8×8 ಜಾಲದಲ್ಲಿ ಮಾಂಟೆ ಕಾರ್ಲೊದಿಂದ, ಅಂದ್ರೆ ಯಾದೃಚ್ಛಿಕ ಸ್ಯಾಂಪಲ್‌ಗಳಿಂದ, ಓಡಿಸಿದ್ದೀರಿ. ಅರ್ಧ ತುಂಬಿದಾಗ (ಬಿಂದುವಿಗೆ ಸರಾಸರಿ ಒಂದು ಎಲೆಕ್ಟ್ರಾನ್) ಉತ್ತರ ಚೆನ್ನಾಗಿದೆ, ನಾಲ್ಕು ಎಲೆಕ್ಟ್ರಾನ್ ತೆಗೆದರೆ ದೋಷದ ಗೆರೆಗಳು ಉದ್ದವಾಗುತ್ತವೆ, ಅಲ್ವಾ? ಇದಕ್ಕೆ ನಿಮ್ಮ ಕೋಡ್ ಕಾರಣ ಆಗಿರಲಿಕ್ಕಿಲ್ಲ. ಪ್ರತಿ ಸ್ಯಾಂಪಲ್‌ನ ತೂಕ ಅಂದ್ರೆ ಅಪ್ ಮತ್ತು ಡೌನ್ ಸ್ಪಿನ್‌ಗಳ ಎರಡು ಡಿಟರ್ಮಿನೆಂಟ್‌ಗಳ (ಮ್ಯಾಟ್ರಿಕ್ಸ್‌ನಿಂದ ಬರುವ ಸಂಖ್ಯೆಗಳ) ಗುಣಲಬ್ಧ. ಅರ್ಧ ತುಂಬಿದಾಗ ಅವೆರಡಕ್ಕೂ ಒಂದೇ ಚಿಹ್ನೆ, ಗುಣಿಸಿದರೆ ಯಾವಾಗಲೂ ಧನ. ಎಲೆಕ್ಟ್ರಾನ್ ತೆಗೆದರೆ ಆ ಹೊಂದಿಕೆ ಹೋಗಿ, ಧನ ಋಣ ಒಂದನ್ನೊಂದು ಹೊಡೆದುಹಾಕುತ್ತವೆ.

ಮೊದಲು ಚಿಹ್ನೆಯ ಸರಾಸರಿ, ಅಂದ್ರೆ ಸ್ಯಾಂಪಲ್‌ಗಳ ತೂಕದ ಚಿಹ್ನೆಗಳ (+1 ಅಥವಾ −1) ಸರಾಸರಿ, ಪ್ರಿಂಟ್ ಮಾಡಿ. ಅದು 0.05 ಇದ್ದರೆ, ಮೊದಲಿನಷ್ಟೇ ನಿಖರತೆಗೆ ಸುಮಾರು 400 ಪಟ್ಟು ಸ್ಯಾಂಪಲ್ ಬೇಕು. ತಾಪಮಾನ ಇಳಿದಷ್ಟೂ, ಜಾಲ ದೊಡ್ಡದಾದಷ್ಟೂ ಈ ಸರಾಸರಿ ಘಾತೀಯವಾಗಿ ಕುಸಿಯುತ್ತದೆ. ಹಾಗಾಗಿ ಸುಮ್ನೆ ಜಾಸ್ತಿ ಹೊತ್ತು ಓಡಿಸಬೇಡಿ. 4×4×4ಕ್ಕೆ ಇಳಿದು, ತಾಪಮಾನ ಏರಿಸಿ ನೋಡಿ. ಜಾಲದ ಬದಿ ಅರ್ಧವಾದರೆ ಲೆಕ್ಕದ ಹೊರೆಯೂ ಸುಮಾರು 512 ಪಟ್ಟು ತಗ್ಗುತ್ತದೆ.