ಲಿಂಕ್ ಹಾಕಲ್ಲ, ಹೆಸರು ಮಾತ್ರ ಹೇಳ್ತೀನಿ ಅಂದರೆ?

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರ ಪತ್ರ ಇದು. ರೇಷ್ಮೆ ಸಾಕಣೆ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ.

"ಸಾರ್, ಒಂದು ಬೆಟ್ಟಿಂಗ್ ಆ್ಯಪ್‌ನವರು ವಿಡಿಯೋಗೆ 25,000 ರೂಪಾಯಿ ಕೊಡ್ತೀವಿ ಅಂತ ಮೆಸೇಜ್ ಮಾಡಿದ್ದಾರೆ. ಲಿಂಕ್ ಹಾಕಿದರೆ ಯೂಟ್ಯೂಬ್‌ನವರ ಶಿಕ್ಷೆ, ಸ್ಟ್ರೈಕ್, ಬರುತ್ತೆ ಅಂತ ಗೊತ್ತು. ಅವರು ಲಿಂಕ್ ಬೇಡ, ಲೋಗೋ ಇರುವ ಟೀ ಶರ್ಟ್ ಹಾಕ್ಕೊಂಡು ಒಂದು ಸಲ ಹೆಸರು ಹೇಳಿದರೆ ಸಾಕು ಅಂತಾರೆ. 18 ದಾಟಿದವರಿಗೆ ಮಾತ್ರ ಅಂತ ಬರೆದು, ಪೇಯ್ಡ್ ಪ್ರಮೋಷನ್ ಅಂತ ಟಿಕ್ ಮಾಡಿದರೆ ನಿಯಮ ಪಾಲಿಸಿದ ಹಾಗೆ ಅಲ್ವಾ? ಹಿಂದೆ ಒಂದು ವಿಡಿಯೋಗೆ ಇಂಥದ್ದೇ ಲಿಂಕ್ ಹಾಕಿದ್ದೆ, ಏನೂ ಆಗಲಿಲ್ಲ. ಸ್ಟಾರ್‌ಗಳೇ ಮಾಡುವಾಗ ನಾವು ಮಾಡಿದರೆ ತಪ್ಪೇನು? ನಾನು ಯಾರನ್ನೂ ಆಡಿ ಅಂತ ಬಲವಂತ ಮಾಡಲ್ಲ. ಅವರಿಗೆ ಏನಂತ ಉತ್ತರ ಕೊಡಲಿ?"

ಸಂಪಾದಕರ ಉತ್ತರ:

ಕೇಳಿದ್ದು ಒಳ್ಳೆಯದಾಯಿತು. ವಿಡಿಯೋ ಮಾಡೋಕೆ ಮುಂಚೆ ಕೇಳಿದಿರಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಿಯಮದ ಮಾತು. ಲಿಂಕ್ ಹಾಕದಿದ್ದರೆ ಬಚಾವು ಅಂತ ಅವರು ಹೇಳಿದ್ದು ಸುಳ್ಳು. 2025ರ ಮಾರ್ಚ್ 19ರಿಂದ ಯೂಟ್ಯೂಬ್ ಈ ನಿಯಮವನ್ನು ಬಿಗಿ ಮಾಡಿದೆ. ಗೂಗಲ್ ಒಪ್ಪಿಗೆ ಇಲ್ಲದ ಜೂಜಿನ ಸೈಟಿಗೆ, ಆ್ಯಪಿಗೆ ನೋಡುಗರನ್ನು ಕಳಿಸುವ ಹಾಗಿಲ್ಲ. ಲಿಂಕ್ ಹಾಕಿದರೂ ತಪ್ಪು, ಚಿತ್ರದೊಳಗೆ ವಿಳಾಸ ಬರೆದರೂ ತಪ್ಪು, ಲೋಗೋ ತೋರಿಸಿದರೂ ತಪ್ಪು, ಬಾಯಲ್ಲಿ ಹೆಸರು ಹೇಳಿ ಕಳಿಸಿದರೂ ತಪ್ಪು. ಟೀ ಶರ್ಟು, ಒಂದು ಸಲ ಹೆಸರು ಅಂತ ಅವರು ಯಾವ ಎರಡು ದಾರಿ ತೋರಿಸಿದರೋ, ಆ ಎರಡನ್ನೂ ನಿಯಮ ಬಿಡಿಸಿ ಹೇಳಿದೆ. ಗ್ಯಾರಂಟಿ ಲಾಭ ಅಂತ ಹೇಳುವ ವಿಡಿಯೋವನ್ನಂತೂ ತೆಗೆದೇ ಹಾಕಬಹುದು.

18ರ ಮಾತು ಬೇರೆ. ಆನ್‌ಲೈನ್ ಕ್ಯಾಸಿನೊ ತೋರಿಸುವ ವಿಡಿಯೋಗಳಿಗೆ ಯೂಟ್ಯೂಬ್ ತಾನೇ ವಯಸ್ಸಿನ ಬೇಲಿ ಹಾಕುತ್ತದೆ, ಲಾಗಿನ್ ಆಗದವರಿಗೂ ಅವು ಕಾಣಲ್ಲ. ನೀವು ಮೂಲೆಯಲ್ಲಿ ಬರೆದರೆ ಅದರಿಂದ ಒಪ್ಪಿಗೆ ಸಿಕ್ಕಂತಲ್ಲ. ಪೇಯ್ಡ್ ಪ್ರಮೋಷನ್ ಟಿಕ್ ಕೂಡ ಹಾಗೇ. ದುಡ್ಡು ತಗೊಂಡಿದ್ದೀನಿ ಅಂತ ನೋಡುಗರಿಗೆ ತಿಳಿಸೋದಕ್ಕೆ ಇರುವುದು ಅದು. ಮಾಡಬಾರದ ಪ್ರಚಾರ ಟಿಕ್ ಮಾಡಿದ ಮಾತ್ರಕ್ಕೆ ಸರಿಯಾಗಲ್ಲ.

ಸಾಮಾನ್ಯವಾಗಿ ಮೊದಲ ತಪ್ಪಿಗೆ ಎಚ್ಚರಿಕೆ. ಆಮೇಲೆ ಸ್ಟ್ರೈಕ್ ಬಿದ್ದರೆ ಒಂದು ವಾರ ಏನೂ ಅಪ್‌ಲೋಡ್ ಮಾಡೋಕಾಗಲ್ಲ, ಎರಡನೆಯದಕ್ಕೆ ಎರಡು ವಾರ, 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಯಿತು. ರೇಷ್ಮೆ ಗೂಡಿನ ರೇಟು ಹೇಳುವ ಚಾನೆಲ್ ನಿಮ್ಮದು. ಒಂದು ವಾರ ಬಾಯಿ ಮುಚ್ಚಿದರೆ ಜನ ಇನ್ನೊಬ್ಬರ ಕಡೆ ಹೋಗುತ್ತಾರೆ.

ಆದರೆ ಯೂಟ್ಯೂಬ್ ನಿಯಮ ಇದರಲ್ಲಿ ಚಿಕ್ಕ ಭಾಗ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು, ಇಲ್ಲ 50 ಲಕ್ಷದವರೆಗೆ ದಂಡ, ಇಲ್ಲ ಎರಡೂ ಅಂತ ಅದರಲ್ಲಿದೆ. ಬರೀ ಆಡಿದವನಿಗೆ ಶಿಕ್ಷೆ ಇಲ್ಲ, ಆಡಿಸಿದವರಿಗೆ ಮತ್ತು ಕರೆದವರಿಗೆ ಇದೆ. ನೀವು ಕರೆಯುವವರ ಸಾಲಿಗೆ ಸೇರುತ್ತೀರಿ. ಇದು ಕೌಶಲದ ಆಟ, ಜೂಜಲ್ಲ ಅಂತ ಅವರು ಖಂಡಿತ ಹೇಳುತ್ತಾರೆ. ಆ ವಾದಕ್ಕೆ ಮೊದಲು ಬೆಲೆ ಇತ್ತು, 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ರಾಜ್ಯ ಸರ್ಕಾರದ ನಿಷೇಧವನ್ನು ರದ್ದು ಮಾಡಿದ್ದೂ ಅದೇ ವಾದದ ಮೇಲೆ. ಹೊಸ ಕಾಯ್ದೆ ಆ ಗೆರೆಯನ್ನೇ ಅಳಿಸಿದೆ. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಯಿಂದ ಆಡುವುದಾದರೆ ಮುಗಿಯಿತು.

ಸ್ಟಾರ್‌ಗಳ ವಿಷಯ ಕೇಳಿದ್ದೀರಿ. ಪಕ್ಕದ ತೆಲಂಗಾಣ ನೋಡಿ. 2025ರ ಮಾರ್ಚ್‌ನಲ್ಲಿ ಅಲ್ಲಿ ಒಂದೇ ಎಫ್‌ಐಆರ್‌ನಲ್ಲಿ ನಟರು, ಯೂಟ್ಯೂಬರ್‌ಗಳು ಅಂತ 25 ಜನರ ಹೆಸರು ಬಂತು. ಆಮೇಲೆ ಕೇಂದ್ರದ ಜಾರಿ ನಿರ್ದೇಶನಾಲಯದ (ಇ.ಡಿ.) ವಿಚಾರಣೆ. ಆ ತೆಲುಗು ವಿಡಿಯೋಗಳನ್ನು ನಮ್ಮ ಬಾಗೇಪಲ್ಲಿ, ಚಿಂತಾಮಣಿ ಹುಡುಗರೂ ನೋಡುತ್ತಾರೆ, ನಿಮಗೆ ಗೊತ್ತಿರುವುದೇ. ಸ್ಟಾರ್‌ಗೆ ನೋಟಿಸ್ ಬಂದರೆ ಲಾಯರ್ ಇರುತ್ತಾರೆ. ನಿಮ್ಮ ಮನೆಗೆ ಬಂದರೆ ಅಪ್ಪ ಗೂಡು ಮಾರಿದ ದುಡ್ಡು ಖರ್ಚಾಗುತ್ತದೆ.

ಈಗ ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ನನಗೆ ನಿದ್ದೆ ಕೆಡಿಸಿದ ಮಾತು ಅದೇ: ಬಲವಂತ ಮಾಡಲ್ಲ.

ಹೋದ ತಿಂಗಳು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ. ಅಂಗಿ ತೋಳಿಗೆ ಇನ್ನೂ ಗೂಡಿನ ನೂಲು ಅಂಟಿಕೊಂಡಿತ್ತು. ಫೋನಿನಲ್ಲಿ ಒಂದು ಕೆಂಪು ವಿಮಾನ ಮೇಲೆ ಹೋಗುತ್ತಿತ್ತು, ಅದರ ಜೊತೆ ಅಂಕಿ ಏರುತ್ತಿತ್ತು. 1.20, 1.65, 2.10. ವಿಮಾನ ಹಾರಿಹೋಗುವ ಮುಂಚೆ ಗುಂಡಿ ಒತ್ತಿದರೆ ಹಾಕಿದ ದುಡ್ಡಿಗೆ ಅಷ್ಟು ಪಟ್ಟು, ಇಲ್ಲದಿದ್ದರೆ ಹಾಕಿದ್ದೂ ಹೋಯಿತು. ಅವನ ಹೆಬ್ಬೆರಳು ಗುಂಡಿ ಮೇಲೆ ನಡುಗುತ್ತಾ ನಿಂತಿತ್ತು. ಒತ್ತುವಷ್ಟರಲ್ಲಿ ವಿಮಾನ ಹಾರಿಹೋಯಿತು. ಅವನು ಏನೂ ಅನ್ನಲಿಲ್ಲ. ಮತ್ತೆ ದುಡ್ಡು ಹಾಕಿದ. ನಾನು ಒಂದು ಲೋಟ ಟೀ ಮುಗಿಸುವುದರೊಳಗೆ ಹೀಗೆ ಆರು ಸಲ ಆಯಿತು. ಯಾಕಪ್ಪಾ ಅಂದೆ. ಯೂಟ್ಯೂಬಲ್ಲಿ ಒಬ್ಬರು ದಿನಾ ಗೆಲ್ತಾರಣ್ಣ, ಅವರು ಸುಳ್ಳು ಹೇಳೋರಲ್ಲ ಅಂದ.

ಹುಳು ಮನೆಯ ಕೆಲಸ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಚಾಕಿಯಿಂದ (ಎಳೆ ಹುಳು) ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ದಾಟಿಸಿ, ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸುವಷ್ಟರಲ್ಲಿ ತಿಂಗಳು ಹತ್ತಿರ. ಆ ದುಡ್ಡು ಈಗ ನೇರ ಖಾತೆಗೆ ಬೀಳುತ್ತದೆ, ಖಾತೆ ಫೋನಿನಲ್ಲಿದೆ, ಅದೇ ಫೋನಿನಲ್ಲಿ ವಿಮಾನವೂ ಇದೆ. ಯಾರೂ ಅವನ ಕೈ ಹಿಡಿದು ಒತ್ತಿಸಲಿಲ್ಲ. ನಂಬಿದ ಒಬ್ಬ ಮನುಷ್ಯ ಒಂದು ಸಲ ಹೆಸರು ಹೇಳಿದ್ದ, ಅಷ್ಟೇ.

ಅವನು ನೋಡಿದ ಆ ಗೆಲುವು ಕೂಡ ನಿಜವಾಗಿರಬೇಕಾಗಿಲ್ಲ. ಪ್ರಚಾರ ಮಾಡುವವರಿಗೆ ಕಂಪನಿಯೇ ದುಡ್ಡು ತುಂಬಿದ ಡೆಮೊ ಖಾತೆ ಕೊಡುವುದುಂಟು. ಇನ್ನೂ ಕೆಟ್ಟದ್ದು ಪ್ರೋಮೋ ಕೋಡ್. ನಿಮ್ಮ ಕೋಡ್‌ನಿಂದ ಸೇರಿದವರು ಎಷ್ಟು ಸೋಲುತ್ತಾರೋ ಅದರಲ್ಲಿ ನಿಮಗೆ ಇಷ್ಟು ಪಾಲು ಅನ್ನುವ ಲೆಕ್ಕವೂ ಈ ದಂಧೆಯಲ್ಲಿದೆ. ಹುಳುವಿಗೆ ಸುಣ್ಣಕಟ್ಟು ರೋಗ ಬಂದಾಗ ಏನು ಮಾಡಬೇಕು ಅಂತ ನೀವು ಮಾಡಿದ ವಿಡಿಯೋ ನೋಡಿದೆ. ಕೆಳಗೆ ಜನ, ನಿಮ್ಮಿಂದ ಬೆಳೆ ಉಳೀತು ಅಂತ ಬರೆದಿದ್ದಾರೆ. ಆ್ಯಪ್‌ನವರಿಗೆ 25,000ಕ್ಕೆ ಬೇಕಿರುವುದು ಆ ಜನ. ನಿಮ್ಮ ಮಾತು ಕೇಳಿ ಸುಣ್ಣ ಉದುರಿಸಿದವರು ನಿಮ್ಮ ಮಾತು ಕೇಳಿ ಆ್ಯಪ್ ಕೂಡ ಹಾಕಿಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತು.

ಹಳೇ ವಿಡಿಯೋ ಬಗ್ಗೆ. ಏನೂ ಆಗಲಿಲ್ಲ ಅಂದರೆ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ ಅಂತ ಮಾತ್ರ. ಇವತ್ತೇ ಡಿಸ್ಕ್ರಿಪ್ಷನ್‌ನಿಂದ ಲಿಂಕ್ ತೆಗೆಯಿರಿ. ಪಿನ್ ಮಾಡಿದ ಕಾಮೆಂಟ್ ಇದ್ದರೆ ಅದನ್ನೂ. ಟೆಲಿಗ್ರಾಂ ಗ್ರೂಪಿಗೆ ಕಳಿಸಿ ಅಲ್ಲಿಂದ ಆ್ಯಪಿಗೆ ಕಳಿಸುವ ಸುತ್ತುದಾರಿಯೂ ಬೇಡ. ವಿಡಿಯೋ ಒಳಗೆ ಹೆಸರು ಹೇಳಿದ್ದರೆ ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ಅಷ್ಟು ಭಾಗ ಮಾತ್ರ ಕತ್ತರಿಸಬಹುದು, ವ್ಯೂಸ್ ಹಾಗೇ ಉಳಿಯುತ್ತವೆ. ಆಮೇಲೆ ಒಂದು ಚಿಕ್ಕ ವಿಡಿಯೋ ಮಾಡಿ, ಹಿಂದೆ ಹೀಗೆ ಲಿಂಕ್ ಹಾಕಿದ್ದೆ, ತಪ್ಪಾಯಿತು, ತೆಗೆದಿದ್ದೇನೆ ಅಂತ ಹೇಳಿಬಿಡಿ. ಆ ಆ್ಯಪ್ ಹೆಸರು ಮಾತ್ರ ಮತ್ತೆ ಹೇಳಬೇಡಿ. ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಲಿ. ಚಟ ಬಿಡಲಾಗದೆ ಒದ್ದಾಡುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ಇದೆ. ಈ ಎರಡು ನಂಬರ್ ಡಿಸ್ಕ್ರಿಪ್ಷನ್‌ನಲ್ಲಿ ಆ ಲಿಂಕ್ ಇದ್ದ ಜಾಗದಲ್ಲೇ ಹಾಕಿ.

ಮೆಸೇಜ್ ಮಾಡಿದವರಿಗೆ "ಮಾಡಲ್ಲ" ಅಂತ ಒಂದೇ ಪದ ಕಳಿಸಿ. ಕಾರಣ ಹೇಳಬೇಡಿ, ಹೇಳಿದರೆ ರೇಟು ಜಾಸ್ತಿ ಮಾಡಿಕೊಂಡು ಮತ್ತೆ ಬರುತ್ತಾರೆ. ಮುಂಗಡ ಅಂತ ಖಾತೆಗೆ ದುಡ್ಡು ಹಾಕ್ತೀವಿ ಅಂದರೆ ಅಕೌಂಟ್ ನಂಬರ್ ಕೊಡಲೇಬೇಡಿ. ಎಲ್ಲಿಂದಲೋ ಬಂದ ಆ ದುಡ್ಡಿನಿಂದ ನಿಮ್ಮ ಖಾತೆಯೇ ಫ್ರೀಜ್ ಆಗಬಹುದು. ನಂಬರ್ ಬ್ಲಾಕ್ ಮಾಡುವ ಮೊದಲು ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.