ಸ್ಪೇನ್‌ನ ವೈನ್ ಸೀಮೆ ರಿಯೋಹದಲ್ಲಿ ಒಂದೇ ವೈನರಿ ನೋಡುವುದಾದರೆ ಯಾವುದು, ಅಲ್ಲಿ ಏನು ಗಮನಿಸಬೇಕು?

ಬಿಲ್ಬಾವ್‌ನಲ್ಲಿರುವ ಮಗಳ ಮನೆಗೆ ಹೋದಾಗ ಒಂದು ದಿನ ಬಿಡುವಿದೆ, ಮನೆತನದವರೇ ನಡೆಸುವ ವೈನರಿ ನೋಡಬೇಕು ಎಂದಿದ್ದೀರಿ. ನಾನು ಹೇಳುವುದು ಆರೊ ಊರಿನ ಲೋಪೆಸ್ ದೆ ಎರೆದಿಯಾ. 1877ರಲ್ಲಿ ಶುರುವಾಗಿದ್ದು, ಇವತ್ತಿಗೂ ಅದೇ ಮನೆತನದ ಕೈಯಲ್ಲಿದೆ. ಬಿಲ್ಬಾವ್‌ನಿಂದ ಲೊಗ್ರೊನ್ಯೊಗೆ ಹೋಗುವ ರೈಲು ಆರೊದಲ್ಲಿ ನಿಲ್ಲುತ್ತದೆ, ವೈನರಿ ಸ್ಟೇಷನ್ನಿನ ಮಗ್ಗುಲಲ್ಲೇ ಇದೆ. ರೈಲುಗಳು ಕಮ್ಮಿ, ವಾಪಸ್ ಗಾಡಿಯ ಹೊತ್ತು ನೋಡಿಕೊಂಡು ಭೇಟಿಯನ್ನು ಮುಂಚೆಯೇ ಬುಕ್ ಮಾಡಿ. ಒಂದೇ ದಿನ ಮೂರು ವೈನರಿ ಸುತ್ತುವ ಆಸೆ ಬೇಡ. ಎರಡನೆಯದರ ಹೊತ್ತಿಗೇ ನಾಲಿಗೆ ದಣಿದಿರುತ್ತದೆ.

ಇವರ ವೈನ್ ಬೇರೆಯವರದಕ್ಕಿಂತ ಬೇರೆಯಾಗಿರಲು ಮುಖ್ಯ ಕಾರಣ ಪೀಪಾಯಿ. ರಿಯೋಹದ ನಿಯಮದ ಪ್ರಕಾರ ಕೆಂಪು 'ರೆಸೆರ್ವಾ' (ಹೆಚ್ಚು ಕಾಲ ಹದಗೊಳಿಸಿದ ವೈನಿನ ಒಂದು ದರ್ಜೆ) ಪೀಪಾಯಿಯಲ್ಲಿ ಒಂದು ವರ್ಷ ಇದ್ದರೆ ಸಾಕು. ಇವರ ತೊಂದೋನಿಯಾ ತೋಟದ ರೆಸೆರ್ವಾ ಸುಮಾರು 6 ವರ್ಷ ಇರುತ್ತದೆ, ಅದಕ್ಕೂ ಮೇಲಿನ ದರ್ಜೆಯ ಗ್ರಾನ್ ರೆಸೆರ್ವಾ ಸುಮಾರು 10. ಹೊಸ ಪೀಪಾಯಿಯಲ್ಲಿ ಅಷ್ಟು ವರ್ಷ ಬಿಟ್ಟರೆ ಬರೀ ಮರದ ರುಚಿ ಬಂದೀತು. ಅದಕ್ಕೇ ಇವರದು ಹಳೆಯ ಪೀಪಾಯಿಗಳು. ಅಮೆರಿಕದ ಓಕ್ ಮರ ತರಿಸಿ, ಬಯಲಲ್ಲಿ ಒಣಗಿಸಿ, ತಮ್ಮದೇ ಕಾರ್ಖಾನೆಯಲ್ಲಿ ಪೀಪಾಯಿ ಕಟ್ಟುತ್ತಾರೆ. ಹಲಗೆ ಕೆಟ್ಟರೆ ಆ ಹಲಗೆಯನ್ನಷ್ಟೇ ಬದಲಿಸುತ್ತಾರೆ. ಈ ಕಾರ್ಖಾನೆಯನ್ನು ತೋರಿಸಿ ಎಂದು ಕೇಳಿ. ಹಳೆಯ ಮರ ರುಚಿ ಕೊಡುವುದಿಲ್ಲ, ಹಲಗೆಯ ಸೂಕ್ಷ್ಮ ರಂಧ್ರಗಳಿಂದ ಸ್ವಲ್ಪ ಸ್ವಲ್ಪವೇ ಗಾಳಿಯನ್ನು ಒಳಬಿಡುತ್ತದೆ. ಆ ಗಾಳಿಯಿಂದ ಒಗರು ಮೆತ್ತಗಾಗುತ್ತದೆ, ಬಣ್ಣ ಇಟ್ಟಿಗೆಯ ಕಡೆಗೆ ತಿರುಗುತ್ತದೆ.

ಅದೇ ಗಾಳಿ ಹೆಚ್ಚಾದರೆ ವೈನ್ ಹುಳಿಯಾಗಿ ವಿನೆಗರ್ ದಾರಿ ಹಿಡಿಯುತ್ತದೆ. 225 ಲೀಟರಿನ ಪೀಪಾಯಿಯಲ್ಲಿ ಆವಿಯಾಗಿ ಮೇಲೆ ಖಾಲಿ ಜಾಗ ಉಳಿದರೆ ಬ್ಯಾಕ್ಟೀರಿಯಾಕ್ಕೆ ಅಷ್ಟೇ ಬೇಕು. ಹಾಗಾಗಿ ಕಡಿಮೆಯಾದಷ್ಟನ್ನು ತುಂಬುತ್ತಲೇ ಇರಬೇಕು. ಜೊತೆಗೆ ವರ್ಷಕ್ಕೆ ಎರಡು ಸಲ ತಳದ ಗಷ್ಟನ್ನು ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಇಳಿಸುತ್ತಾರೆ. ಇದು ಕೈಕೆಲಸ: ಗಾಜಿನಲ್ಲಿ ಹಿಡಿದು ಬೆಳಕಿಗೆ ನೋಡುತ್ತಿರಬೇಕು, ಮಸುಕು ಕಂಡ ಕ್ಷಣ ನಿಲ್ಲಿಸಬೇಕು.

ನೀವು ಸಸ್ಯಾಹಾರಿಗಳಾಗಿದ್ದರೆ ಒಂದು ಮಾತು. ಕೆಂಪು ವೈನ್ ತಿಳಿಯಾಗಲು ಇಲ್ಲಿ ಮೊಟ್ಟೆಯ ಬಿಳಿ ಬಳಸುತ್ತಾರೆ. ಈ ಹಳೆಯ ಪದ್ಧತಿಯಲ್ಲಿ ಸಾಮಾನ್ಯವಾಗಿ ಪೀಪಾಯಿಗೆ ಮೂರರಿಂದ ಆರು ಮೊಟ್ಟೆ ಹಿಡಿಯುತ್ತದೆ. ಬಿಳಿಯಲ್ಲಿರುವ ಪ್ರೋಟೀನು ಒಗರಿನ ಅಂಶಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತದೆ, ತಿಳಿಯನ್ನಷ್ಟೇ ತೆಗೆಯುತ್ತಾರೆ. ಜಾಸ್ತಿ ಹಾಕಿದರೆ ವೈನಿನ ಮೈಕಟ್ಟೇ ಹೋಗಿ ಪೇಲವವಾಗುತ್ತದೆ.

ನೆಲಮಾಳಿಗೆಯ ಸುರಂಗಗಳಲ್ಲಿ ಗೋಡೆಗೆ ಕಪ್ಪು ಬೂಷ್ಟು, ಬಾಟಲಿಗಳ ಮೇಲೆ ದಪ್ಪಗೆ ಜೇಡರ ಬಲೆ. ಇದು ಕೊಳಕಲ್ಲ. ಬಿರಡೆಯನ್ನು ಕೊರೆಯುವ ಪತಂಗಗಳನ್ನು ಜೇಡ ಹಿಡಿಯುತ್ತದೆಂದು ಬೇಕೆಂದೇ ಬಿಟ್ಟಿದ್ದಾರೆ. ಒಳಗೆ ಬೇಸಿಗೆಯಲ್ಲೂ ಚಳಿ, ಸ್ವೆಟರ್ ಇರಲಿ.

ತೊಂದೋನಿಯಾ ತೋಟ ಎಬ್ರೊ ನದಿಯ ಬಲದಂಡೆಯಲ್ಲಿದೆ, 100 ಹೆಕ್ಟೇರಿಗೆ ಮೇಲ್ಪಟ್ಟು. ನಮ್ಮ ವಿಜಯಪುರದ ಕಡೆ ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ ದ್ರಾಕ್ಷಿ ಬಳ್ಳಿ ಸವರಿ ಚಾಟನಿ ಮಾಡುತ್ತಾರಲ್ಲ, ಅಲ್ಲಿ ಬಳ್ಳಿ ಚಳಿಗೆ ಮಲಗುವುದರಿಂದ ಚಳಿಗಾಲದ ಸವರುವಿಕೆಯೇ ಮುಖ್ಯ. ಚಪ್ಪರವೂ ಇಲ್ಲ, ಮೊಣಕಾಲೆತ್ತರದ ಮೋಟು ಗಿಡಗಳು. ಗೊಂಚಲು ನೋಡಬೇಕಿದ್ದರೆ ಸೆಪ್ಟೆಂಬರ್ ಕೊನೆಗೆ ಹೋಗಿ.

ರುಚಿ ನೋಡುವಾಗ ಬಿಳಿ ವೈನನ್ನು ಬಿಡಬೇಡಿ. ವಿಯುರಾ ದ್ರಾಕ್ಷಿಯ ಬಿಳಿ ರೆಸೆರ್ವಾ ಕೂಡ ವರ್ಷಗಟ್ಟಲೆ ಪೀಪಾಯಿಯಲ್ಲಿ ಕಳೆದದ್ದು: ಹೊನ್ನಿನ ಬಣ್ಣ, ಬಾದಾಮಿ, ಜೇನುಮೇಣದ ವಾಸನೆ. ಮೊದಲ ಗುಟುಕಿಗೆ ಕೆಟ್ಟಿದೆಯೇನೋ ಅನ್ನಿಸಬಹುದು. ಹತ್ತು ನಿಮಿಷ ಲೋಟದಲ್ಲೇ ಬಿಟ್ಟು ಮತ್ತೆ ಕುಡಿಯಿರಿ. ಫ್ರಿಜ್ಜಿನ ತಣ್ಣಗಿನಲ್ಲಿ ಈ ವಾಸನೆ ಏಳುವುದೇ ಇಲ್ಲ, 12ರಿಂದ 14 ಡಿಗ್ರಿ ಸರಿ.

ಭಾರತಕ್ಕೆ ಸುಂಕವಿಲ್ಲದೆ ತಲೆಗೆ 2 ಲೀಟರ್ ತರಬಹುದು. 750 ಮಿಲಿಯ ಎರಡು ಬಾಟಲಿ ಸರಿ, ಮೂರನೆಯದು ಮಿತಿ ಮೀರುತ್ತದೆ. ಮನೆಯಲ್ಲಿ ತೆರೆಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ಹಳೆಯ ಬಿರಡೆ ಪುಡಿಯಾಗುವ ಸಂಭವ ಹೆಚ್ಚು, ಬಿರಡೆ ತೆಗೆಯುವ ತಿರುಪನ್ನು ನಿಧಾನವಾಗಿ ಇಳಿಸಿ. ಕತ್ತಿನ ಹತ್ತಿರ ಗಷ್ಟು ಬಂದಕೂಡಲೇ ಬಗ್ಗಿಸುವುದನ್ನು ನಿಲ್ಲಿಸಿ.