ಮಗಳಿಗೆ ಯಾವ ಗ್ರಾಫಿಂಗ್ ಕ್ಯಾಲ್ಕುಲೇಟರ್ ತಗೊಳ್ಳಲಿ? ಮಗನಿಗೂ ಬೇಕಾ?

ನೀವು ವಿರಾಜಪೇಟೆಯವರು. ಮಗಳು ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಐ.ಬಿ. ಡಿಪ್ಲೊಮಾ (ಇಂಟರ್ನ್ಯಾಷನಲ್ ಬ್ಯಾಕಲೋರಿಯೆಟ್, ಪಿಯುಸಿ ಮಟ್ಟದ ಎರಡು ವರ್ಷದ ಕೋರ್ಸ್) ಓದಲು ಹೊರಟಿದ್ದಾಳೆ. ಶಾಲೆಯವರು ಗ್ರಾಫಿಂಗ್ ಕ್ಯಾಲ್ಕುಲೇಟರ್, ಅಂದರೆ ಸಮೀಕರಣ ಹಾಕಿದರೆ ಅದರ ಗ್ರಾಫನ್ನು ಸ್ಕ್ರೀನಿನಲ್ಲಿ ತೋರಿಸುವಂಥದ್ದು, ತನ್ನಿ ಎಂದಿದ್ದಾರೆ. ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ (ಟಿಐ) ಕಂಪನಿಯ ಟಿಐ-84 ಪ್ಲಸ್ ಸಿಇ ಒಳ್ಳೆಯದಾ, ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50 ಒಳ್ಳೆಯದಾ, ಊರಲ್ಲೇ ಪಿಯುಸಿ ಸೇರುವ ಮಗನಿಗೂ ಒಂದು ತರಬೇಕಾ ಎಂದು ಕೇಳಿದ್ದೀರಿ. ನಾನು ಗೋಣಿಕೊಪ್ಪದಲ್ಲಿ ಗಣಿತದ ಟ್ಯೂಷನ್ ಮಾಡುತ್ತೇನೆ. ರಜೆಗೆ ಊರಿಗೆ ಬರುವ ಐ.ಬಿ. ಮಕ್ಕಳೂ ನನ್ನ ಹತ್ತಿರ ಕೂರುತ್ತಾರೆ.

ಮಗನಿಗೆ ಬೇಡ. ಪಿಯುಸಿ ಗಣಿತ ಪರೀಕ್ಷೆಗೆ ಕ್ಯಾಲ್ಕುಲೇಟರ್ ಒಯ್ಯುವ ಹಾಗೇ ಇಲ್ಲ. ಸಿಇಟಿ, ನೀಟ್, ಜೆಇಇ ಯಾವುದರಲ್ಲೂ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ತಗೊಂಡರೆ ಮಾತ್ರ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಳಸಬಹುದು. ಅದು ಕಡಿಮೆ ಬೆಲೆಗೇ ಸಿಗುತ್ತದೆ. ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕದ ಗ್ರಾಫನ್ನು ಅವನು ಪೆನ್ಸಿಲ್ ಹಿಡಿದೇ ಹಾಕಬೇಕು. ಗ್ರಾಫ್ ಹೇಗೆ ಬಾಗುತ್ತದೆ ಎಂದು ನೋಡುವ ಆಸೆ ಇದ್ದರೆ ಫೋನ್‌ನಲ್ಲಿ ಡೆಸ್ಮೋಸ್, ಜಿಯೋಜೀಬ್ರಾ ಪುಕ್ಕಟೆ ಸಿಗುತ್ತವೆ. ಸುಮ್ನೆ ದುಡ್ಡು ಹಾಕಬೇಡಿ.

ಮಗಳಿಗೆ ಬೇಕೇ ಬೇಕು. ಐ.ಬಿ.ಯಲ್ಲಿ ಅನಾಲಿಸಿಸ್, ಅಪ್ಲಿಕೇಷನ್ಸ್ ಎಂದು ಎರಡು ಗಣಿತ ಇದೆ. ಅನಾಲಿಸಿಸ್ ತಗೊಂಡರೆ ಮೊದಲ ಪೇಪರ್‌ಗೆ ಕ್ಯಾಲ್ಕುಲೇಟರ್ ಇಲ್ಲ, ಎರಡನೆಯದಕ್ಕೆ ಬೇಕು. ಅಪ್ಲಿಕೇಷನ್ಸ್ ತಗೊಂಡರೆ ಎಲ್ಲ ಪೇಪರ್‌ಗೂ ಬೇಕು. ಅಪ್ಲಿಕೇಷನ್ಸ್ ಆದರೆ ಎರಡು ವರ್ಷ ಅದು ಅವಳ ಕೈಯಲ್ಲೇ ಇರುತ್ತದೆ.

ಕೊಳ್ಳುವ ಮೊದಲು ಶಾಲೆಗೆ ಫೋನ್ ಮಾಡಿ, ಗಣಿತದ ಟೀಚರ್ ಕ್ಲಾಸಿನಲ್ಲಿ ಯಾವುದನ್ನು ಬಳಸುತ್ತಾರೆ ಎಂದು ಕೇಳಿ. ಅದನ್ನೇ ತನ್ನಿ. ಎರಡು ಕಂಪನಿಗಳ ಬಟನ್, ಮೆನು ಪೂರ್ತಿ ಬೇರೆ. ಟೀಚರ್ ಒಂದು ಬಟನ್ ಹೇಳಿ, ಇವಳ ಕೈಯಲ್ಲಿ ಅದು ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ. ಇದರ ಮುಂದೆ ಸ್ಕ್ರೀನ್, ಬಣ್ಣ, ಮೆಮೊರಿ ಎಲ್ಲ ಆಮೇಲಿನ ಮಾತು.

ಯಾವುದಾದರೂ ಆದೀತು ಎಂದು ಅವರು ಹೇಳಿದರೆ ನಾನು ಕ್ಯಾಸಿಯೊ ಕಡೆ. ಅದಕ್ಕೆ ನಾಲ್ಕು ಸಣ್ಣ ಸೆಲ್ ಸಾಕು, ಯಾವ ಅಂಗಡಿಯಲ್ಲೂ ಸಿಗುತ್ತವೆ. ಟಿಐ-84 ಪ್ಲಸ್ ಸಿಇ ಚಾರ್ಜ್ ಮಾಡುವಂಥದ್ದು, ಅದರ ವೈರ್ ಈಗಿನ ಫೋನಿನ ವೈರ್ ಅಲ್ಲ. ಅವಳು ಊರಿಗೆ ಬಂದಾಗ ಇದು ತೊಂದರೆ, ಮಳೆಗಾಲದಲ್ಲಿ ಮರ ಬಿದ್ದು ನಮ್ಮಲ್ಲಿ ಕರೆಂಟ್ ದಿನಗಟ್ಟಲೆ ಹೋಗುವುದು ನಿಮಗೆ ಗೊತ್ತಲ್ವಾ. ಆದರೆ ಕ್ಯಾಸಿಯೊವನ್ನು ಬಳಸದೆ ಇಡುವಾಗ ಸೆಲ್ ತೆಗೆದುಬಿಡಿ. ಕಕ್ಕಡ ತಿಂಗಳ ಮಳೆ ಥಂಡಿಯಲ್ಲಿ ಸೆಲ್ ಸೋರಿ ಒಳಗಿನ ತಗಡು ಹಸಿರಾಗುವುದನ್ನು ನೋಡಿದ್ದೇನೆ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಸಿಎಎಸ್ ಎಂದು ಬರೆದಿರುವ ಮಾಡೆಲ್ ಮಾತ್ರ ಬೇಡ. ಟಿಐ-ಎನ್‌ಸ್ಪೈರ್ ಸಿಎಕ್ಸ್ 2ರಲ್ಲಿ ಎರಡು ಬಗೆ ಇದೆ. ಸಿಎಎಸ್ ಇರುವುದು ಬೀಜಗಣಿತವನ್ನೂ ತಾನೇ ಬಿಡಿಸುತ್ತದೆ, ಐ.ಬಿ. ಅದನ್ನು ಒಪ್ಪುವುದಿಲ್ಲ. ಹೊಸದು ದುಬಾರಿ ಎನಿಸಿದರೆ ಅದೇ ಶಾಲೆಯ ಸೀನಿಯರ್ಸ್ ಹತ್ತಿರ ಕೇಳಿ, ಕೋರ್ಸ್ ಮುಗಿಸಿದವರು ಮಾರಿಬಿಡುತ್ತಾರೆ. ಕೊಳ್ಳುವಾಗ ಎಲ್ಲ ಬಟನ್ ಒತ್ತಿ, ಸೆಲ್ ಹಾಕುವ ಜಾಗ ತೆರೆದು ನೋಡಿ.

ಮಕ್ಕಳು ಜಾಸ್ತಿ ಎಡವುವುದು ಎರಡು ಕಡೆ. y = x² + 50 ಹಾಕಿದರೆ ಸ್ಕ್ರೀನ್ ಖಾಲಿ ಕಾಣುತ್ತದೆ, ಮಿಷನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಸ್ಕ್ರೀನ್ ಮೊದಲಿಗೆ ತೋರಿಸುವುದು ಹೆಚ್ಚೆಂದರೆ 10ರವರೆಗೆ, ಗ್ರಾಫ್ ಶುರುವಾಗುವುದೇ 50ರಿಂದ. ವಿಂಡೋ, ಅಂದರೆ ಸ್ಕ್ರೀನ್ ಎಲ್ಲಿಂದ ಎಲ್ಲಿವರೆಗೆ ತೋರಿಸಬೇಕು ಎಂಬುದನ್ನು, ಬದಲಿಸಬೇಕು ಅಷ್ಟೇ. ಇನ್ನೊಂದು, ಕೋನದ ಅಳತೆಯನ್ನು ಡಿಗ್ರಿಯಲ್ಲಿಟ್ಟು sin x ಹಾಕುವುದು. ಆಗ ಅಲೆಯ ಬದಲು ಹೆಚ್ಚುಕಡಿಮೆ ನೇರ ಗೆರೆ ಬರುತ್ತದೆ. ರೇಡಿಯನ್‌ಗೆ ಹಾಕಿದರೆ ಅಲೆ ಕಾಣುತ್ತದೆ. ಶಾಲೆ ಶುರುವಾಗುವ ಮೊದಲೇ ಇವೆರಡನ್ನೂ ಅವಳು ಮನೆಯಲ್ಲಿ ಮಾಡಿ ನೋಡಲಿ.

ಪರೀಕ್ಷೆಗೆ ಎಕ್ಸಾಮ್ ಮೋಡ್ ಎಂಬುದಿದೆ, ಒಳಗೆ ಬರೆದಿಟ್ಟ ನೋಟ್ಸ್ ಆಗ ತೆರೆಯುವುದಿಲ್ಲ. ಸಿಜಿ50ಯನ್ನು ಆ ಮೋಡ್‌ನಿಂದ ಹೊರತರಲು ಕಂಪ್ಯೂಟರಿಗೋ ಇನ್ನೊಂದು ಕ್ಯಾಲ್ಕುಲೇಟರಿಗೋ ಜೋಡಿಸಬೇಕು, ಇಲ್ಲದಿದ್ದರೆ ಸುಮಾರು 12 ಗಂಟೆ ಕಾಯಬೇಕಾಗುತ್ತದೆ. ಹಾಗಾಗಿ ಡಬ್ಬಿಯಲ್ಲಿ ಬರುವ ವೈರನ್ನು ಎಸೆಯಬೇಡಿ, ಅವಳ ಬ್ಯಾಗಿನಲ್ಲೇ ಇರಲಿ.